ಒಂದು ಸೆಲ್ಲು, ಎರಡು ವೂಫರ್

ನನಗೆ ಮೊದಲ ಮೊಮ್ಮಗಳು ಹುಟ್ಟಿದ್ದು ತೊಂಬತ್ತರ ದಶಕದ ನಡುವಿನಲ್ಲಿ, ನಾವು ಚಿಂಬಲ್‌ನಲ್ಲಿ ಇದ್ದಾಗ. ಗೋವಕ್ಕೆ ಬಂದ ಹೊಸತರಲ್ಲಿ ನಾನು ಕಟ್ಟಡದ ಕೆಲಸದಲ್ಲಿ ಕಲ್ಲು ಹೊತ್ತವನು. ಆಮೇಲೆ ಒಬ್ಬರ ಟೆಂಪೊ ತೊಳೆಯುತ್ತ ತೊಳೆಯುತ್ತ ಅದನ್ನು ಓಡಿಸುವುದು ಕಲಿತೆ. ಕೊನೆಗೆ ನನ್ನದೇ ಒಂದು ವ್ಯಾನು ಆಯಿತು. ಬೆಳಿಗ್ಗೆ ಕೂಲಿಯವರನ್ನು ಕೆಲಸದ ಜಾಗಕ್ಕೆ ಬಿಡುವುದು, ಮಧ್ಯಾಹ್ನದಿಂದ ಪ್ರವಾಸಿಗಳನ್ನು ಬೀಚಿಗೆ ಒಯ್ಯುವುದು. ಓದಿದ್ದು ಮೂರನೇ ಇಯತ್ತೆ. ದಾರಿಯ ಬೋರ್ಡು ಓದಲು ಅಷ್ಟು ಸಾಕಾಗಿತ್ತು.

ಆ ಕೂಸು ಹುಟ್ಟಿದ ದಿನ ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಎದುರಾದವರಿಗೆಲ್ಲ ಹೇಳಿದೆ. ಕಸ ಗುಡಿಸುವ ಹೆಂಗಸು ಪೊರಕೆ ನಿಲ್ಲಿಸಿ, "ಇದು ಮೂರನೇ ಸಲ ಹೇಳಾಕತ್ತೀರಿ. ಮೂರು ಕೂಸು ಹುಟ್ಟ್ಯಾವೇನು ಮತ್ತ?" ಎಂದಳು. ಆಕೆ ನಮ್ಮ ಕಡೆಯವಳೇ ಎಂದು ಆಗ ಗೊತ್ತಾಯಿತು. ಅದಕ್ಕೂ ನನಗೆ ಖುಷಿಯೇ ಆಯಿತು.

ನಮ್ಮಲ್ಲಿ ಹುಟ್ಟಿದ ಕೂಸಿನ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ, ಎಡಗಿವಿಯಲ್ಲಿ ಇಕಾಮತ್. ಅಜಾನ್ ಎಂದರೆ ನಮಾಜಿಗೆ ಬನ್ನಿ ಎಂದು ಕರೆಯುವುದು. ಇಕಾಮತ್ ಎಂದರೆ ನಮಾಜು ಶುರುವಾಗುತ್ತಿದೆ, ಎದ್ದು ನಿಲ್ಲಿ ಎನ್ನುವುದು. ಈ ಲೋಕಕ್ಕೆ ಬಂದ ಕೂಸಿನ ಕಿವಿಗೆ ಬೀಳುವ ಮೊದಲ ಮಾತು ಅದೇ ಆಗಿರಬೇಕು. ಅಳಿಯ ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಕೆಲಸದಲ್ಲಿದ್ದ. ಆ ದಿನ ಅವನಿಗೆ ಪಾಳಿ ಬಿಟ್ಟು ಬರಲಾಗಲಿಲ್ಲ. ಹಾಗಾಗಿ ಆ ಭಾಗ್ಯ ನನ್ನದಾಯಿತು. ಪಕ್ಕದ ಮಂಚದ ಬಾಣಂತಿ ಮಲಗಿದ್ದರಿಂದ ಮೆಲ್ಲಗೆ ಹೇಳಿದೆ. ಸ್ಟ್ಯಾಂಡಿನಲ್ಲಿ ಗಿರಾಕಿಗಳನ್ನು ಕೂಗಿ ಕೂಗಿ ನನ್ನ ದನಿ ಮೊದಲೇ ಒಡೆದ ಬಿದಿರು. ಬಲಗಿವಿಗೆ ಬಾಯಿ ಇಟ್ಟಾಗ ಕೂಸು ಹುಬ್ಬು ಗಂಟಿಕ್ಕಿತು, ತುಟಿ ಸೊಟ್ಟ ಮಾಡಿತು. ಎಡಗಿವಿಗೆ ಹೇಳುವಾಗ ಏನೂ ಮಾಡಲಿಲ್ಲ. ಅಜ್ಜನ ದನಿಗೆ ನಿದ್ದೆ ಬಂತು ಎಂದು ನಾವೆಲ್ಲ ನಕ್ಕೆವು.

ಮೂರನೇ ತಿಂಗಳಲ್ಲಿ ಒಂದು ದಿನ ಊಟಕ್ಕೆಂದು ಮನೆಗೆ ಬಂದಿದ್ದೆ. ರೊಟ್ಟಿ ತಟ್ಟಿ ಏಳುತ್ತಿದ್ದ ನನ್ನಾಕೆಯ ಕೈಯಿಂದ ಹಿಟ್ಟು ನಾದುವ ಹಿತ್ತಾಳೆಯ ಪರಾತ ಜಾರಿ ಬಿತ್ತು. ನಮ್ಮ ಮನೆ ಎಂದರೆ ಒಂದೂವರೆ ಖೋಲಿ, ಮೇಲೆ ತಗಡು. ಗೋಡೆಯಾಚೆಯವರು ಏನಾಯಿತೆಂದು ಕೂಗಿ ಕೇಳಿದರು. ಎರಡು ಮೊಳ ದೂರದಲ್ಲಿ ಕೌದಿಯ ಮೇಲೆ ಮಲಗಿದ್ದ ಕೂಸು ರೆಪ್ಪೆ ಕೂಡ ಅಲುಗಿಸಲಿಲ್ಲ.

"ಭಾಳ ಗಟ್ಟಿ ನಿದ್ದಿ ಇದರದ್ದು" ಎಂದೆ.

ನನ್ನಾಕೆ ಪರಾತ ಎತ್ತಿಕೊಂಡಳು. ನನ್ನ ಮುಖ ನೋಡಿದಳು. ಆಮೇಲೆ ಬೇಕೆಂದೇ ಅದನ್ನು ಮತ್ತೆ ಕೈಬಿಟ್ಟಳು. ಕೂಸು ಹಾಗೆಯೇ ಮಲಗಿತ್ತು. ನಾವಿಬ್ಬರೂ ಆ ದಿನ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳು ಹೊರಗೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು.

ಅಂದಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕಲ್ಲು ಕೂತಿತು. ವ್ಯಾನು ಓಡಿಸುವಾಗ ಯಾರಾದರೂ ಹಿಂದಿನಿಂದ ಹಾರ್ನ್ ಹೊಡೆದರೆ, ನನಗೆ ಕೇಳಿಸಿತು, ಕೂಸಿಗೆ ಕೇಳಿಸುತ್ತಿತ್ತೇ ಎಂದು ಮನಸ್ಸು ಅಲ್ಲಿಗೇ ಓಡುತ್ತಿತ್ತು. ನಮ್ಮ ಊರಲ್ಲಿ, ವಿಜಾಪುರದ ಕಡೆ, ನನ್ನ ಓರಗೆಯ ಒಬ್ಬ ಕಿವುಡಿ ಹುಡುಗಿ ಇದ್ದಳು. ಆಕೆಯನ್ನು ಕರೆಯಬೇಕಾದರೆ ಜನ ಸಣ್ಣ ಕಲ್ಲು ಎಸೆಯುತ್ತಿದ್ದರು. ಬೆನ್ನಿಗೆ ಕಲ್ಲು ತಾಗಿದರೆ ಆಕೆ ತಿರುಗಿ ನೋಡುತ್ತಿದ್ದಳು. ನಾನೂ ಎಸೆದಿದ್ದೇನೆ. ನಲವತ್ತು ವರ್ಷ ನೆನಪಿಗೆ ಬಾರದಿದ್ದ ಆ ಹುಡುಗಿಯ ಬೆನ್ನು ಈಗ ಪ್ರತಿದಿನ ಕಣ್ಣ ಮುಂದೆ ಬಂದು ನಿಲ್ಲತೊಡಗಿತು.

ಇನ್ನೊಂದು ಅಂಜಿಕೆ ಅಜಾನಿನದು. ನಾನು ಮೆಲ್ಲಗೆ ಹೇಳಿದ್ದೇ ತಪ್ಪಾಯಿತೇ? ಮೊದಲ ಮಾತು ಸರಿಯಾಗಿ ಒಳಗೆ ಹೋಗದೆ ಬಾಗಿಲು ಅಲ್ಲೇ ಮುಚ್ಚಿಕೊಂಡಿತೇ? ಇದು ತಿಳಿವಳಿಕೆಯ ಮಾತಲ್ಲ ಎಂದು ಈಗ ಹೇಳಬಹುದು. ಆಗ ಹೇಳಲು ಯಾರೂ ಇರಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಲಿಲ್ಲ. ಡಾಕ್ಟರ ಹತ್ತಿರವೂ ಹೋಗಲಿಲ್ಲ. ಹೋದರೆ ಅವರು ಹೌದು ಎಂದುಬಿಟ್ಟರೆ?

ಹಾಗೆಂದು ಸುಮ್ಮನೆಯೂ ಇರಲಿಲ್ಲ. ಮನೆಗೆ ಬಂದ ಕೂಡಲೇ ಕೂಸಿನ ಹಿಂದೆ ನಿಂತು ವ್ಯಾನಿನ ಚಾವಿ ಅಲುಗಿಸುತ್ತಿದ್ದೆ. ಒಂದು ದಿನ ತಿರುಗಿದ ಹಾಗೆ ಕಾಣುತ್ತಿತ್ತು, ಆ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ಮರುದಿನ ತಿರುಗುತ್ತಿರಲಿಲ್ಲ. ಆಗ ತುತ್ತು ಇಳಿಯುತ್ತಿರಲಿಲ್ಲ. ನನ್ನಾಕೆ ಅಡುಗೆ ಮಾಡುವಾಗ ಸೌಟಿನಿಂದ ಪಾತ್ರೆಗೆ ಸುಮ್ಮಸುಮ್ಮನೆ ಬಡಿಯುತ್ತಿದ್ದಳು. ಮಗಳಿಗೆ ಮಾತ್ರ ತಿಳಿಯಬಾರದು ಎಂದು ನಮ್ಮ ಲೆಕ್ಕ. ಐದು ತಿಂಗಳು ತುಂಬಿದರೆ ಆಕೆಯನ್ನೂ ಕೂಸನ್ನೂ ವಾಸ್ಕೋದ ಗಂಡನ ಮನೆಗೆ ಕಳಿಸಬೇಕಿತ್ತು. ಅಲ್ಲಿ ನಮ್ಮ ಬೀಗತಿ ಇದ್ದರು. ಒಳ್ಳೆಯ ಹೆಂಗಸೇ, ಆದರೆ ನಾಲಿಗೆ ಎಂದರೆ ಹೊಸ ಕುಡುಗೋಲು. ಕೇಳದ ಕೂಸನ್ನು ಕೊಟ್ಟು ಕಳಿಸಿದರು ಎಂದು ನನ್ನ ಮಗಳಿಗೆ ಜೀವನವಿಡೀ ಅನ್ನಿಸಿಕೊಳ್ಳುವ ಪಾಡು ಬರುತ್ತದೆಯೇ ಎಂದು ನನ್ನ ಜೀವ ತಲ್ಲಣಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಅಳಿಯ ವೂಫರ್ ತಂದ.

ಬಂದರಿಗೆ ಬಂದ ಹಡಗಿನ ಖಲಾಸಿಯೊಬ್ಬನ ಜೊತೆ ಅವನಿಗೆ ಸ್ನೇಹವಾಗಿತ್ತು. ಹೆಣ್ಣುಮಗು ಹುಟ್ಟಿತು ಎಂದು ಹೇಳಿದಾಗ ಆ ಖಲಾಸಿ ತನ್ನ ಹತ್ತಿರ ಇದ್ದ ಜೋಡಿ ವೂಫರನ್ನೂ ಅವಕ್ಕೆ ಬಲ ಕೊಡುವ ಆಂಪ್ಲಿಫೈಯರನ್ನೂ ಕೊಟ್ಟು ಹೋದನಂತೆ. ಎರಡು ಪೆಟ್ಟಿಗೆ, ಮೇಲೆ ಕಪ್ಪು ಕಾರ್ಪೆಟ್ ಅಂಟಿಸಿದ್ದು. ಒಳಗೆ ಊಟದ ತಾಟಿನಷ್ಟು ಅಗಲದ ಸ್ಪೀಕರು. ಅಳಿಯ ಅವನ್ನು ನನ್ನ ವ್ಯಾನಿಗೆಂದೇ ತಂದಿದ್ದ. ಆ ವರ್ಷಗಳಲ್ಲಿ ಗೋವದಲ್ಲಿ ಎದೆ ನಡುಗಿಸುವ ಧಮ್ ಧಮ್ ಇಲ್ಲದ ವ್ಯಾನಿಗೆ ಹರೆಯದ ಪ್ರವಾಸಿಗಳು ಹತ್ತುತ್ತಲೇ ಇರಲಿಲ್ಲ.

"ಮಾಮಾ, ಇದನ್ನ ಹಾಕಿದ್ರ ನಿಮ್ಮ ಗಾಡಿ ಬರೂದು ಪಣಜಿಯಾಗ ಕೇಳತೈತಿ" ಎಂದ ಅಳಿಯ.

ಅವನು ಪ್ರವಾಸಿಗಳ ಮಾತು ಆಡುತ್ತಿದ್ದ. ನಾನು ಕೂಸನ್ನು ನೋಡುತ್ತಿದ್ದೆ. ಇಷ್ಟು ದೊಡ್ಡ ಸದ್ದಿಗೂ ಅದು ಹೊರಳದಿದ್ದರೆ ಇನ್ನು ಚಾವಿ ಅಲುಗಿಸಿ ಪ್ರಯೋಜನವಿಲ್ಲ. ಹೊರಳಿದರೆ ನನ್ನ ಹೊಟ್ಟೆಯ ಕಲ್ಲು ಇಳಿಯುತ್ತದೆ. ವೂಫರ್ ಜೋಡಿಸಲು ನಾನು ಅಷ್ಟು ಅವಸರ ಮಾಡಿದ್ದು ಅದಕ್ಕೆ. ಅಳಿಯ, ಮಾಮನಿಗೆ ಹಾಡಿನ ಹುಚ್ಚು ಎಂದುಕೊಂಡ.

ರವಿವಾರ ಬೆಳಿಗ್ಗೆ ಇಬ್ಬರೂ ಕೂತೆವು. ಹಿಂದಿನ ಸೀಟಿನ ಬೆನ್ನಿಗೆ ಆ ಮೂಲೆಗೊಂದು ಈ ಮೂಲೆಗೊಂದು ಪೆಟ್ಟಿಗೆ, ಎದುರುಬದುರು ಮುಖ ಮಾಡಿ ಇಟ್ಟೆವು. ಅಳಿಯ ಬಂದರಿನಿಂದ ತಂದಿದ್ದ ವೈರಿನಲ್ಲಿ ಎರಡೂ ಎಳೆ ಕಪ್ಪು. ಪೆಟ್ಟಿಗೆಯ ಹಿಂದೆ ಕೆಂಪು ಒಂದು, ಕಪ್ಪು ಒಂದು ತಿರುಪು ಇದ್ದವು. ಅವನು ಒಂದು ಎಳೆಗೆ ದಾರ ಕಟ್ಟಿ ಗುರುತು ಮಾಡಿ, ಎರಡೂ ಪೆಟ್ಟಿಗೆಗೆ ಒಂದೇ ರೀತಿ ಹಚ್ಚಲು ಹೊರಟ.

"ತಡಿ ತಮ್ಮಾ" ಎಂದೆ. "ಜೋಡಿ ಅಂದ್ರ ಹಂಗಲ್ಲ. ರೇಡಿಯೋದಾಗ ಸೆಲ್ಲು ಹೆಂಗ ಹಾಕ್ತೀವಿ? ಒಂದರ ತಲಿ ಮ್ಯಾಲ, ಬಾಜೂದರ ತಲಿ ಕೆಳಗ. ಎರಡೂ ಒಂದ ಕಡಿ ಹಾಕಿದ್ರ ಹಾಡತೈತೇನು?"

"ಅದು ಸೆಲ್ಲು ರೀ ಮಾಮಾ. ಇದು ಸ್ಪೀಕರ್."

"ಕರೆಂಟ್ ಎಲ್ಲಾ ಒಂದ ಅಲ್ಲೇನು? ಇಪ್ಪತ್ತು ವರ್ಷ ಆತು ರೇಡಿಯೋ ಬಿಚ್ಚಾಕತ್ತು ನಾನು."

ಬಿಚ್ಚುತ್ತಿದ್ದದ್ದು ನಿಜ, ಒಳಗಿನ ದೂಳು ಒರೆಸಿ ಮತ್ತೆ ಮುಚ್ಚುತ್ತಿದ್ದೆ, ಅಷ್ಟೇ. ಅಳಿಯ ಹೊಸದಾಗಿ ಅಪ್ಪ ಆದವನು, ಮಾವನ ಎದುರು ವಾದ ಮಾಡಲಿಲ್ಲ. ಬಲಗಡೆಯ ಪೆಟ್ಟಿಗೆಗೆ ದಾರದ ಎಳೆ ಕೆಂಪಿಗೆ ಹೋಯಿತು, ಎಡಗಡೆಯದಕ್ಕೆ ಕಪ್ಪಿಗೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಬರುವ ದಪ್ಪ ವೈರನ್ನು ರಬ್ಬರ್ ಮ್ಯಾಟಿನ ಕೆಳಗೆ ಎಳೆದು, ಜೋಡಿಸಿದ ಕಡೆ ಟೇಪು ಸುತ್ತಿದೆವು.

ಮಗಳನ್ನು ಕರೆದೆ. ಆಕೆ ಕೂಸಿಗೆ ಹಾಲು ಕುಡಿಸುತ್ತ ಬಂದು ವ್ಯಾನಿನ ಬಾಗಿಲಲ್ಲಿ ಕೂತಳು. ಅಳಿಯ ಕ್ಯಾಸೆಟ್ ಹಾಕಿದ. ಹಾಡು ಬಂತು, ಧಮ್ ಬರಲಿಲ್ಲ. ತಗಡಿನ ಡಬ್ಬಿಯಲ್ಲಿ ನೊಣ ಕೂಡಿಹಾಕಿದ ಹಾಗೆ ಏನೋ ಗುಂಯ್ ಎಂದಿತು. ಅಳಿಯ ದನಿ ಏರಿಸಿದ. ನೊಣ ದೊಡ್ಡದಾಯಿತು. ನೋಡಲು ನಿಂತಿದ್ದ ನೆರೆಯವನು, "ಇದಕ್ಕಿಂತ ನಮ್ಮ ಮನಿ ಮಿಕ್ಸರ್ ಚಲೋ ಬಾರಸತೈತಿ" ಎಂದು ಹೋದ. ಅಳಿಯನ ಕಿವಿ ಕೆಂಪಾಯಿತು.

ಕೂಸು ಹಾಲು ಕುಡಿಯುವುದನ್ನು ನಿಲ್ಲಿಸಲಿಲ್ಲ, ಕಣ್ಣು ಹೊರಳಿಸಲಿಲ್ಲ.

ಅಳಿಯ ಹಾಡು ನಿಲ್ಲಿಸಿ ಕೈ ತೊಳೆಯಲು ಹೋದಾಗ ಮಗಳು ತಗ್ಗಿದ ದನಿಯಲ್ಲಿ, "ಅಬ್ಬಾ, ನೀವು ಹಾಡು ಕೇಳಾಕತ್ತಿದ್ದಿಲ್ಲ. ಕೂಸಿನ ಮಾರಿ ನೋಡಾಕತ್ತಿದ್ರಿ" ಎಂದಳು.

ನಾನು ಮ್ಯಾಟು ಸರಿಮಾಡತೊಡಗಿದೆ.

"ಚಾವಿ ಬಾರಸೂದೂ ನೋಡೇನಿ. ಅವ್ವ ಸೌಟು ಬಡಿಯೂದೂ ನೋಡೇನಿ. ನನಗ ಗೊತ್ತಿಲ್ಲ ಅನಕೊಂಡೀರೇನು? ಎರಡು ತಿಂಗಳಾತು, ನೀವು ಯಾರೂ ಇಲ್ಲದಾಗ ನಾನೂ ಚಪ್ಪಾಳಿ ಹೊಡಿಯಾಕತ್ತೀನಿ."

"ಅಳಿಯಗ ಹೇಳೀಯೇನು?"

"ಇಲ್ಲ. ನೀವೂ ಹೇಳಬ್ಯಾಡ್ರಿ. ಅತ್ತಿ ಮುಂದ ನಾನ ಹೇಳತೇನಿ." ಹಾಗೆಂದು ಕೂಸನ್ನು ಹೆಗಲಿಗೆ ಹಾಕಿಕೊಂಡು, "ಹೆಂಗ ಹೇಳಲಿ ಅಬ್ಬಾ?" ಎಂದಳು.

ಮೂವರೂ ಒಂದೇ ಅಂಜಿಕೆಯನ್ನು ಮೂರು ಮೂಲೆಯಲ್ಲಿ ಬಚ್ಚಿಟ್ಟುಕೊಂಡು, ಒಂದೂವರೆ ಖೋಲಿಯಲ್ಲಿ ಎರಡು ತಿಂಗಳು ಕಳೆದಿದ್ದೆವು.

ಕಳಿಸುವ ದಿನ ಬಂತು. ಹೊಸ ಕೌದಿ, ತೊಟ್ಟಿಲು, ಎರಡು ಡಬ್ಬಿ ಉಂಡಿ ವ್ಯಾನಿಗೆ ಹೇರಿದೆವು. ನನ್ನಾಕೆ ಮತ್ತು ಮಗಳು ಹಿಂದೆ, ಅಳಿಯ ನನ್ನ ಪಕ್ಕದಲ್ಲಿ. ಅವನಿಗೆ ವೂಫರಿನದೇ ಚಿಂತೆ. ಓಣಿಯವರೆಲ್ಲ ನೋಡುವ ಹಾಗೆ ಹಾಡು ಹಚ್ಚಿಕೊಂಡು ತನ್ನ ಮಗಳನ್ನು ಮನೆಗೆ ಒಯ್ಯಬೇಕು ಎಂದು ಅವನ ಆಸೆ. ನನಗೆ ದಾರಿ ಮುಗಿಯದಿರಲಿ ಎಂಬ ಆಸೆ. ಜುವಾರಿ ಸೇತುವೆಯ ಮೇಲೆ ಹೋಗುವಾಗ ರಬ್ಬರ್ ಕಾದ ವಾಸನೆ ಬಂತು. ಮೊದಲು ನನ್ನ ಭ್ರಮೆ ಎಂದುಕೊಂಡೆ. ಆಮೇಲೆ ನನ್ನಾಕೆ ಹಿಂದಿನಿಂದ, "ಏನೋ ಸುಡಾಕತ್ತೇತಿ ನೋಡ್ರಿ" ಎಂದಳು. ಕೆಳಗೆ ನೀರು, ಹಿಂದೆ ಲಾರಿ, ನಿಲ್ಲಿಸಲು ಜಾಗವಿಲ್ಲ. ಕೂಸು ಇದ್ದದ್ದು ಆ ವೈರು ಹಾದುಹೋದ ಮ್ಯಾಟಿನ ಮೇಲಿನ ಸೀಟಿನಲ್ಲಿ. ಅಳಿಯ ತಟ್ಟನೆ ಸ್ಟೀರಿಯೊ ಆರಿಸಿದ. ಸೇತುವೆ ದಾಟಿದ ಮೇಲೆ ನಿಲ್ಲಿಸಿ, ಬ್ಯಾಟರಿಯಿಂದ ಆ ವೈರನ್ನು ಕಿತ್ತು ಹಾಕಿ ಮುಂದೆ ಹೋದೆವು.

ವಾಸ್ಕೋ ಮುಟ್ಟುವ ಮೊದಲು ರಸ್ತೆಯ ಬದಿಗೆ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಮಿಸ್ತ್ರಿಯ ಶೆಡ್ ಇತ್ತು. ಬೆಳಗಾವಿಯವನು, ಹಿಂದೆ ಹಡಗುಗಳ ವೈರು ನೋಡುತ್ತಿದ್ದವನು. ಅಳಿಯನಿಗೆ ಗುರುತು. ಅಲ್ಲಿ ನಿಲ್ಲಿಸಿದೆವು. ನನ್ನಾಕೆ ಮತ್ತು ಮಗಳು ಬಾದಾಮಿ ಮರದ ನೆರಳಲ್ಲಿ ಕೂತರು. ಕೂಸನ್ನು ನಾನು ಎತ್ತಿಕೊಂಡೆ.

ಮಿಸ್ತ್ರಿ ಮ್ಯಾಟು ಎತ್ತಿ ನೋಡಿದ. ಸೀಟಿನ ಕಬ್ಬಿಣದ ಕಾಲು ವೈರನ್ನು ಕಡಿದು, ಒಳಗಿನ ತಾಮ್ರ ಕಾಣುತ್ತಿತ್ತು.

"ಫ್ಯೂಸ್ ಎಲ್ಲೈತಿ?" ಎಂದ.

ಅಳಿಯ ನನ್ನನ್ನು ನೋಡಿದ. ನಾನು ಕೂಸನ್ನು ನೋಡಿದೆ.

"ಚಾಚಾ, ಫ್ಯೂಸ್ ಬ್ಯಾಟರಿ ಬಾಜೂಕ ಇರಬೇಕು. ಇಲ್ಲೆ ವೈರು ಕಬ್ಬಿಣಕ್ಕ ಹತ್ತಿದ್ರ ಅದು ಸತ್ತು ಗಾಡಿ ಉಳಸತೈತಿ. ಇವತ್ತ ನಿಮ್ಮ ನಸೀಬ್ ಚಲೋ ಇತ್ತು." ಆಮೇಲೆ ಹಾಡು ಹಚ್ಚಿ ಕೇಳಲು ಬ್ಯಾಟರಿಯ ಬಳಿ ಫ್ಯೂಸ್ ಕೂರಿಸಿ, ಬೇರೆ ವೈರು ಕಟ್ಟಿದ. ನೊಣ ಗುಂಯ್‌ಗುಟ್ಟಿತು. ಮಿಸ್ತ್ರಿ ಎಡಗಡೆಯ ಪೆಟ್ಟಿಗೆಯ ಒಂದು ಎಳೆ ಕಿತ್ತ. ಒಂದೇ ಪೆಟ್ಟಿಗೆ ಹಾಡಿತು. ಧಮ್ ಎಂದು ವ್ಯಾನಿನ ಗಾಜು ಅಲುಗಿತು. ಕಿತ್ತದ್ದನ್ನು ಮತ್ತೆ ಹಚ್ಚಿದ, ಧಮ್ ಮಾಯವಾಯಿತು.

"ಎರಡೂ ಒಂದಕ್ಕೊಂದು ಉಲ್ಟಾ ಜೋಡಿಸೀರಿ. ಯಾರ ಕೆಲಸ ಇದು?"

"ನನ್ನದ" ಎಂದೆ. ರೇಡಿಯೋದ ಸೆಲ್ಲಿನ ಕಥೆ ಹೇಳಿದೆ.

ಮಿಸ್ತ್ರಿ ನಗಲಿಲ್ಲ, ಪಾಪ. "ಬೀಸುಕಲ್ಲಿಗೆ ಇಬ್ಬರು ಕೂತಾರ ಅನ್ರಿ. ಒಬ್ಬಾಕಿ ಮುಂದ ನೂಕತಾಳ, ಇನ್ನೊಬ್ಬಾಕಿ ಅದ ಹೊತ್ತಿಗೆ ಹಿಂದ ನೂಕತಾಳ. ಹಿಟ್ಟು ಬೀಳತೈತೇನು? ಈ ವೂಫರ್ ಗಾಳಿ ಹೊರಗ ನೂಕಿದ್ರ ಆ ವೂಫರ್ ಒಳಗ ಎಳಕೊಳ್ಳಾಕತ್ತೈತಿ."

ಮರದ ಕೆಳಗಿನಿಂದ ನನ್ನಾಕೆ, "ಮೂವತ್ತು ವರ್ಷದಿಂದ ನಮ್ಮ ಮನಿಯಾಗ ಹಿಂಗ ಬೀಸಾಕತ್ತೇವಿ, ಮಿಸ್ತ್ರಿ" ಎಂದಳು. ಆಗ ಅವನು ನಕ್ಕ.

ವೈರಿನ ಗುರುತು ಎಲ್ಲ ಕಲಸಿಹೋಗಿತ್ತು. ಪೆಟ್ಟಿಗೆಯ ಒಳಗೂ ಯಾರೋ ಕೈ ಹಾಕಿದಂತಿದೆ, ಬಣ್ಣ ನಂಬುವ ಹಾಗಿಲ್ಲ ಎಂದ ಮಿಸ್ತ್ರಿ. ಎರಡನ್ನೂ ಕೆಳಗಿಳಿಸಿ, ಶೆಡ್ಡಿನ ಮುಂದೆ ನೆಲದ ಮೇಲೆ ದೂರ ದೂರ ಇಟ್ಟ. ಟಾರ್ಚಿನಿಂದ ಒಂದು ಸೆಲ್ಲು ತೆಗೆದ. ಸೆಲ್ಲಿನ ಎರಡು ತುದಿಗೆ ಸ್ಪೀಕರಿನ ಎರಡು ಎಳೆ ಮುಟ್ಟಿಸಿದರೆ ಒಳಗಿನ ಕಾಗದದ ಕೋನು ಒಮ್ಮೆ ಜಿಗಿಯುತ್ತದೆ. ಹೊರಗೆ ಜಿಗಿದರೆ ಸೆಲ್ಲಿನ ತಲೆಗೆ ಮುಟ್ಟಿದ ಎಳೆಯೇ ಪ್ಲಸ್ ಎಳೆ. ಒಳಗೆ ಜಿಗಿದರೆ ಉಲ್ಟಾ. ಎರಡೂ ಪೆಟ್ಟಿಗೆಗೆ ಹಾಗೆ ನೋಡಿ ಗುರುತು ಹಾಕಬೇಕು.

ನಾನು ಒಂದು ಹಲಗೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂತಿದ್ದೆ. ಕೂಸು ನನ್ನ ತೊಡೆಯ ಮೇಲೆ, ನನ್ನ ಹೊಟ್ಟೆಗೆ ಬೆನ್ನು ಕೊಟ್ಟು, ಅದೂ ರಸ್ತೆಯ ಕಡೆಗೆ ನೋಡುತ್ತಿತ್ತು. ಅಲ್ಲಿ ಒಂದು ಕೋಳಿ ಕೆದರುತ್ತಿತ್ತು. ಪೆಟ್ಟಿಗೆಗಳು ನಮ್ಮ ಹಿಂದೆ, ಬಲಗಡೆಗೆ ಒಂದು, ಎಡಗಡೆಗೆ ಒಂದು. ಎಂಜಿನ್ ಆರಿಸಿದ್ದರಿಂದ ಎಲ್ಲ ನಿಶ್ಶಬ್ದ.

ಹಿಂದೆ ಬಲಗಡೆಯಿಂದ ಟಪ್ ಎಂದಿತು. ಉಗುರಿನಿಂದ ಡಬ್ಬಿಗೆ ಹೊಡೆದಷ್ಟು ಸಣ್ಣ ಸದ್ದು.

ಕೂಸು ಕೋಳಿ ಬಿಟ್ಟು ಬಲಕ್ಕೆ ಕತ್ತು ತಿರುಗಿಸಿತು.

"ಮಿಸ್ತ್ರಿ, ಇನ್ನೊಮ್ಮೆ ಹಚ್ಚು."

"ಆತಲ್ರಿ ಚಾಚಾ. ಕೋನು ಹೊರಗ ಬಂತು. ಇದು ಸರಿ ಐತಿ."

"ಕೋನು ಬಿಡು. ನೀ ಹಚ್ಚು."

ಟಪ್. ಕೂಸು ಮತ್ತೆ ಬಲಕ್ಕೆ ತಿರುಗಿತು. ಹಾಲಿನ ಜೊಲ್ಲು ನನ್ನ ಕೈಮೇಲೆ ಬಿತ್ತು. ನಾನು ಮಗಳನ್ನು ಕರೆದೆ. ಕರೆದೆನೋ, ಬರಿಯ ಬಾಯಿ ತೆರೆದೆನೋ, ಆಕೆ ಓಡಿ ಬಂದಳು. ನನ್ನಾಕೆಯೂ ಬಂದಳು. ಮಿಸ್ತ್ರಿ ಮೂರನೇ ಸಲ, ನಾಲ್ಕನೇ ಸಲ ಹಚ್ಚಿದ. ಐದು ತಿಂಗಳ ಕೂಸು ನಾಲ್ಕು ಸಲವೂ ತಿರುಗಿತು. ನಾನು ನಗುತ್ತಿದ್ದೆ, ಅಳುತ್ತಿದ್ದೆ, ಎರಡೂ. ಅಳಿಯನಿಗೆ ಏನೊಂದೂ ಅರ್ಥವಾಗಲಿಲ್ಲ. "ಮಾಮಾ, ಸ್ಪೀಕರ್ ಸರಿ ಆದ್ರ ಇಷ್ಟು ಖುಷಿ ಏನ್ರಿ?" ಎಂದ. ಮಗಳು ಅವನ ಕೈ ಹಿಡಿದು ಬದಿಗೆ ಕರೆದೊಯ್ದು ಹೇಳಿದಳು. ಹೇಳಿ ಮುಗಿಸುವುದರೊಳಗೆ ಅವನು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಮಿಸ್ತ್ರಿ ಎಡಗಡೆಯ ಪೆಟ್ಟಿಗೆಗೆ ಹೋದ. ಟಪ್.

ಕೂಸು ಬಲಕ್ಕೆ ತಿರುಗಿತು.

ಅಲ್ಲಿ ಏನೂ ಇರಲಿಲ್ಲ. ಮತ್ತೆ ಟಪ್. ಮತ್ತೆ ಬಲಕ್ಕೇ.

"ಚಾಚಾ, ಇದರದ್ದೂ ವೈರು ನೀವ ಜೋಡಿಸೀರೇನು?" ಎಂದ ಮಿಸ್ತ್ರಿ. ಹೇಳಿದ ಮೇಲೆ ನಮ್ಮ ಮುಖ ನೋಡಿ ಸೆಲ್ಲನ್ನು ಕೆಳಗಿಟ್ಟ.

ಆಗ ಮಗಳು ಬಂದು ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಯಾವಾಗಲೂ ಎತ್ತಿಕೊಳ್ಳುವ ಹಾಗೆ ಎಡತೋಳಿನಲ್ಲಿ ಮಲಗಿಸಿಕೊಂಡಳು. ಹಾಗೆ ಮಲಗಿಸಿದರೆ ಕೂಸಿನ ಬಲಗಿವಿ ತಾಯಿಯ ಎದೆಗೆ ಒತ್ತಿಕೊಳ್ಳುತ್ತದೆ, ಎಡಗಿವಿ ಹೊರಗೆ ಇರುತ್ತದೆ.

"ಈಗ ಹಚ್ಚರಿ ಅಣ್ಣಾ" ಎಂದಳು.

ಟಪ್. ಕೂಸು ಆಕೆಯ ಸೆರಗು ಎಳೆಯುತ್ತ ಇತ್ತು, ಅಷ್ಟೇ.

ಅದನ್ನು ಬಲತೋಳಿಗೆ ಬದಲಿಸಿಕೊಂಡಳು. ಈಗ ಎಡಗಿವಿ ಎದೆಗೆ, ಬಲಗಿವಿ ಹೊರಗೆ. ಟಪ್. ಕೂಸು ಸೆರಗು ಬಿಟ್ಟು ಕಣ್ಣರಳಿಸಿತು.

"ಎಡಗಿವಿ ಕೇಳಂಗಿಲ್ಲ" ಎಂದಳು ಮಗಳು. "ಬಲಗಿವಿ ಕೇಳತೈತಿ. ಅಬ್ಬಾ, ಬಲಗಿವಿ ಚಲೋ ಕೇಳತೈತಿ."

ಆಗ ಎಲ್ಲ ಒಂದೊಂದಾಗಿ ಹೊಂದಿಕೊಂಡಿತು. ಬಲಮಗ್ಗುಲಲ್ಲಿ ಮಲಗಬೇಕು ಎಂದು ನಮ್ಮ ಹಿರಿಯರು ಹೇಳಿದ ರೂಢಿ. ನನ್ನಾಕೆ ಕೂಸನ್ನೂ ಹಾಗೆಯೇ ಮಲಗಿಸುತ್ತಿದ್ದಳು. ಕೇಳುವ ಕಿವಿ ಕೌದಿಯಲ್ಲಿ ಹೂತಿರುತ್ತಿತ್ತು, ಕೇಳದ ಕಿವಿ ಮೇಲೆ. ಎತ್ತಿಕೊಂಡರೆ ಕೇಳುವ ಕಿವಿ ತಾಯಿಯ ಎದೆಗೆ. ಪರಾತ ಬಿದ್ದದ್ದೂ, ಚಾವಿ ಅಲುಗಿಸಿದ್ದೂ, ಆ ದಿನದ ಹಾಡೂ ಎಲ್ಲ ಮುಚ್ಚಿದ ಬಾಗಿಲನ್ನೇ ತಟ್ಟಿದ್ದವು. ಪಕ್ಕದ ಬಾಗಿಲು ತೆರೆದೇ ಇತ್ತು.

ಒಂದು ಕಿವಿ ಇಲ್ಲ ಎಂದು ತಿಳಿದ ಗಳಿಗೆಯಲ್ಲಿ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ? ನಾನು ಪಟ್ಟೆ. ಒಳಗೊಳಗೆ ಅಂಜಿಕೆ ಇತ್ತು. ಮುಂದೆ ಈ ಕಿವಿಗೂ ಏನಾದರೂ ಆದರೆ, ಎಡಗಡೆಯಿಂದ ಗಾಡಿ ಬಂದರೆ ಎಂದೆಲ್ಲ. ಆದರೆ ಅಂದು ಮಿಸ್ತ್ರಿಯ ಕೈ ಹಿಡಿದು ನಾನು ಬಿಡಲೇ ಇಲ್ಲ. "ಕೈ ಬಿಡ್ರಿ ಚಾಚಾ, ಕೆಲಸ ಮುಗಸ್ತೀನಿ" ಎಂದ ಅವನು.

ಎಡಗಡೆಯ ಎಳೆಗಳನ್ನು ಅದಲುಬದಲು ಮಾಡಿದ. ದಪ್ಪ ವೈರಿಗೆ ರಬ್ಬರ್ ಕೊಳವೆ ತೊಡಿಸಿ, ಸೀಟಿನ ಕಾಲಿನಿಂದ ದೂರ, ಬಾಗಿಲಿನ ಅಂಚಿಗೆ ಒಯ್ದ. ಪೆಟ್ಟಿಗೆಗಳನ್ನು ಎದುರುಬದುರು ಇಡಬೇಡಿ ಎಂದು ಎರಡನ್ನೂ ಅಕ್ಕಪಕ್ಕ, ಹಿಂದಿನ ಬಾಗಿಲಿಗೆ ಮುಖ ಮಾಡಿ, ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಒಂದು ಗೇಣು ಬಿಟ್ಟು ಕೂರಿಸಿದ. ಅಲುಗದಂತೆ ಪಟ್ಟಿ ಬಿಗಿದ. ಸದ್ದು ಹಿಂದಿನ ಬಾಗಿಲಿಗೆ ಬಡಿದು ಮುಂದೆ ಬರುತ್ತದೆಯಂತೆ. ಹಾಡು ಹಚ್ಚಿದಾಗ ಅದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ. ಇಡೀ ವ್ಯಾನೇ ಹಾಡುತ್ತಿತ್ತು. ಕೂಸು ಅಮ್ಮನ ಬಲತೋಳಿನಲ್ಲಿ ಕಾಲು ಬಡಿಯಿತು.

ವಾಸ್ಕೋದ ಮನೆಯ ಮುಂದೆ ಇಳಿದಾಗ ಬೀಗತಿ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗಳು ಒಳಗೆ ಕಾಲಿಡುವ ಮೊದಲೇ ಎಲ್ಲ ಹೇಳಿದಳು. ನಾನು ತೊಟ್ಟಿಲು ಹೊತ್ತುಕೊಂಡು ಹಿಂದೆ ನಿಂತಿದ್ದೆ, ಇಳಿಸಲೂ ಧೈರ್ಯವಿರಲಿಲ್ಲ. ಬೀಗತಿ ಕೂಸನ್ನು ತೆಗೆದುಕೊಂಡು ಎರಡೂ ಕಿವಿಯನ್ನು ಮುಟ್ಟಿ ನೋಡಿದರು.

"ಯಾವುದು ಕೇಳತೈತಿ ಅಂದ್ರಿ?"

"ಬಲಗಿವಿ" ಎಂದೆ.

"ಹಂಗಾರ ಇದಕ್ಕ ಬೈಯೂದಿದ್ರ ಬಲಗಡಿ ನಿಂತು ಬೈತೇನಿ. ತೊಟ್ಟಿಲಾ ಇಳಸ್ರಿ ಬೀಗರ, ಎಷ್ಟೊತ್ತು ಹೊತ್ಕೊಂಡು ನಿಂದರತೀರಿ?"

ನನ್ನ ಜೀವ ಬಂದದ್ದು ಆಗ.

ಆಮೇಲೆ ದೊಡ್ಡ ಆಸ್ಪತ್ರೆಗೆ ತೋರಿಸಿದೆವು. ಟಾರ್ಚಿನ ಸೆಲ್ಲು ಹೇಳಿದ್ದನ್ನೇ ಡಾಕ್ಟರು ದೊಡ್ಡ ಯಂತ್ರದಿಂದ ಹೇಳಿದರು. ಎಡಗಿವಿ ಹುಟ್ಟಿನಿಂದಲೇ ಇಲ್ಲ, ಬಲಗಿವಿಯಲ್ಲಿ ಏನೂ ಕೊರತೆಯಿಲ್ಲ, ಮಾತು ಬರುತ್ತದೆ. ಅಂದು ಮನೆಗೆ ಬಂದ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಯಾರನ್ನೂ ಕೇಳದೆ, ಇಕಾಮತ್ತನ್ನು ಇನ್ನೊಮ್ಮೆ ಬಲಗಿವಿಯಲ್ಲಿ ಹೇಳಿದೆ. ಈ ಸಲ ಮೆಲ್ಲಗೆ ಹೇಳಲಿಲ್ಲ. ಕೂಸು ಹುಬ್ಬು ಗಂಟಿಕ್ಕಿತು, ತುಟಿ ಸೊಟ್ಟ ಮಾಡಿತು. ಆಸ್ಪತ್ರೆಯಲ್ಲಿ ನೋಡಿದ್ದ ಅದೇ ಮುಖ. ಹಾಗೆ ಮಾಡಬಹುದೇ ಎಂದು ತಿಳಿದವರು ಹೇಳಬೇಕು. ನನಗೆ ಸಮಾಧಾನವಾಯಿತು.

ವರ್ಷ ತುಂಬುವ ಹೊತ್ತಿಗೆ ಅದು ಮಾತಾಡಿತು. ಮೊದಲ ಮಾತು ಅಮ್ಮ ಅಲ್ಲ, ಅಬ್ಬ ಅಲ್ಲ, ಧಮ್.

ವೂಫರು ಎಂದೋ ಹರಿದವು, ವ್ಯಾನೂ ಹೋಯಿತು. ಬೇರೆ ಗಾಡಿ ಬಂದವು. ಸಣ್ಣಾಕೆ ಇದ್ದಾಗಿನಿಂದಲೂ ಯಾವ ಗಾಡಿಗೆ ಹತ್ತಿದರೂ ಮೊಮ್ಮಗಳು ಮುಂದಿನ ಸೀಟೇ ಬೇಕು ಎನ್ನುತ್ತಿದ್ದಳು. ಹಿಂದೆ ಕೂತರೆ ಅಜ್ಜ ಹೇಳುವುದು ಕೇಳಿಸುವುದಿಲ್ಲ ಎಂದು ಜಗಳ. ನಮ್ಮ ದೇಶದ ಗಾಡಿಗಳಲ್ಲಿ ಸ್ಟೀರಿಂಗ್ ಇರುವುದು ಬಲಗಡೆ. ಡ್ರೈವರಿನ ಪಕ್ಕ ಕೂತವರು ಅವನ ಎಡಕ್ಕೆ ಇರುತ್ತಾರೆ, ಅವರ ಬಲಗಿವಿ ಅವನ ಕಡೆಗಿರುತ್ತದೆ. ಇಪ್ಪತ್ತು ವರ್ಷ ಗಾಡಿ ಓಡಿಸಿದರೂ ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಚಿಂಬಲ್‌ನಿಂದ ವಾಸ್ಕೋದವರೆಗೆ ನಾನು ನನ್ನ ಒಡಕು ದನಿಯಲ್ಲಿ ಹೇಳಿದ್ದೆಲ್ಲವನ್ನೂ ಆಕೆ ಕೇಳಿಸಿಕೊಂಡಳು, ಒಂದನ್ನೂ ಬಿಡದೆ, ಮತ್ತು ಪ್ರತಿಯೊಂದಕ್ಕೂ ಎದುರು ಮಾತಾಡಿದಳು.